ಟಿಕ್ ಟಿಕ್ ಸದ್ದು ನಿಂತರೆ ಎಂಜಿನ್‌ಗೆ ಕುತ್ತು!

ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರಿಗೆ ಅಕ್ಕಲಕೋಟದ ಮಿಸ್ತ್ರಿ ಕಾಕಾನ ಮದ್ದು

ಅಕ್ಕಲಕೋಟ: 'ಅಪ್ಪಾ, ನಾನ ಟ್ಯಾಪೆಟ್ ಟೈಟ್ ಮಾಡಿ ಎರಡು ವಾರ ಆತು. ಈಗ ಒಂದ ಸದ್ದಿಲ್ಲ, ಕೇಳು...'

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗ ಖುಷಿಯಿಂದ ಮೊಬೈಲನ್ನು ಕಾರಿನ ಎಂಜಿನ್ ಹತ್ತಿರ ಹಿಡಿದ. ಇತ್ತ ಅಕ್ಕಲಕೋಟದ ಮನೆಯ ಕಟ್ಟೆಯ ಮೇಲೆ ಕೂತಿದ್ದ ತಂದೆ ಅರ್ಧ ನಿಮಿಷ ಕಣ್ಣು ಮುಚ್ಚಿ ಕೇಳಿದರು. ಮಗ ಶಾಬ್ಬಾಸ್ ಎಂಬ ಮಾತಿಗೆ ಕಾಯುತ್ತಿದ್ದ. ಬಂದದ್ದು ಬೈಗುಳ.

'ಮೊದಲ ಬಂದ್ ಮಾಡೋ! ಗಾಡಿ ಬಂದ್ ಮಾಡು!'

ಸದ್ದು ಮಾಡುವ ಎಂಜಿನ್ ಕೆಟ್ಟಿದೆ, ಸುಮ್ಮನಿರುವ ಎಂಜಿನ್ ಚೆನ್ನಾಗಿದೆ ಎಂದು ತಿಳಿಯುವವರೇ ಹೆಚ್ಚು. ಹಳೇ ಕಾರುಗಳ ಮಟ್ಟಿಗೆ ಈ ಲೆಕ್ಕ ತಪ್ಪು. ಅದನ್ನು ಐವತ್ತು ವರ್ಷಗಳ ಹಿಂದೆಯೇ ಪೆಟ್ಟು ತಿಂದು ಕಲಿತವರು ಈ ತಂದೆ. 'ಪೇಪರಿನ್ಯಾಗ ನಮ್ಮ ಹೆಸರ ಬ್ಯಾಡ್ರಿ, ಗಾಡಿ ವಿಷಯ ಬರೀರಿ ಸಾಕು' ಎನ್ನುವ ಅವರನ್ನು ಊರ ಮಂದಿ ಕರೆಯುವುದು ಮಿಸ್ತ್ರಿ ಕಾಕಾ ಎಂದು. ವಯಸ್ಸು ಎಪ್ಪತ್ತು ದಾಟಿದೆ. ಕಣ್ಣಿಗೆ ದಪ್ಪ ಚಾಳೀಸು ಬಂದಿದೆ. ಕಿವಿ ಮಾತ್ರ ಇನ್ನೂ ಗ್ಯಾರೇಜಿನ ಕಿವಿಯೇ.

ಅಂಬಾಸಿಡರ್‌ನ ದಾಯಾದಿ

ಮಗ ಕೊಂಡದ್ದು 1967ರ ಎಂಜಿಬಿ. ಎರಡು ಸೀಟಿನ, ಮೇಲ್ಛಾವಣಿ ಮಡಚಿ ಇಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಮಾದರಿಯ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅಲ್ಲಿ ಇವತ್ತಿಗೂ ಹಳೇ ಕಾರಿನ ಹುಚ್ಚಿರುವವರು ಮೊದಲು ಹುಡುಕುವುದು ಇದನ್ನೇ. ಬಿಡಿಭಾಗ ಸಿಗುತ್ತವೆ, ಕೆಲಸ ಸರಳ, ಮನೆಯ ಮುಂದೆ ನಿಲ್ಲಿಸಿಕೊಂಡು ಕೈಯಾರೆ ಮಾಡಿಕೊಳ್ಳಬಹುದು ಎಂಬುದು ಕಾರಣ.

ಇಂಥ ಕಾರನ್ನು ಮಿಸ್ತ್ರಿ ಕಾಕಾ ಜನ್ಮದಲ್ಲಿ ಮುಟ್ಟಿದವರಲ್ಲ. ಆದರೆ ಮಗ ಮೊದಲ ಸಲ ಬಾನೆಟ್ ಎತ್ತಿ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅವರು ಮೊದಲು ಆಡಿದ ಮಾತು, 'ಅರೆ, ಇದು ನಮ್ಮ ಅಂಬಾಸಿಡರ್ ಅಲ್ಲೇನೋ!'

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಪಡಿಯಚ್ಚು. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಅದೂ ಆಕ್ಸ್‌ಫರ್ಡ್ ಊರಿನದೇ. ಎರಡೂ ಒಂದೇ ಮನೆತನದ ಮಕ್ಕಳು. ಅಂಬಾಸಿಡರ್‌ಗೆ 1950ರ ದಶಕದ ಕೊನೆಯ ಹೊತ್ತಿಗೆ ಬಂದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸಿರೀಸ್' ಎಂಜಿನ್. 1955ರಲ್ಲಿ ಹೊರಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೆ ಇದ್ದದ್ದೂ ಅದೇ 1489 ಸಿಸಿ ಎಂಜಿನ್, ಕಾರ್ಬುರೇಟರ್ ಮಾತ್ರ ಎರಡು. ಅದನ್ನೇ 1798 ಸಿಸಿಗೆ ಹಿಗ್ಗಿಸಿ ಎಂಜಿಬಿಗೆ ಕೂಡಿಸಿದರು. ಒಂದು ಮುಕ್ಕಾಲು ಕ್ವಿಂಟಲ್ ಸಾಮಾನು, ಆರು ಮಂದಿ, ಮೇಲೆ ಹಾಸಿಗೆ ಸುರುಳಿ ಹೊತ್ತು ಸೋಲಾಪುರದಿಂದ ಗಾಣಗಾಪುರಕ್ಕೆ ಓಡುತ್ತಿದ್ದ ಟ್ಯಾಕ್ಸಿಗೂ, ಇಂಗ್ಲೆಂಡಿನ ಸಾಹೇಬರು ಛಾವಣಿ ಬಿಚ್ಚಿ ಗಾಳಿಗೆ ಹೋಗುತ್ತಿದ್ದ ಕಾರಿಗೂ ಇದ್ದ ನಂಟು ಇಂಥದ್ದು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗ ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಹೆಸರಿನ ಹೊಸ ಕಾರುಗಳಿಗೂ ಆ ಹಳೇ ಎಂಜಿನ್‌ಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ.

ಆ ಸಂದಿನಲ್ಲಿ ಏನಿದೆ?

ನಾಲ್ಕು ಸಿಲಿಂಡರಿಗೆ ಎಂಟು ವಾಲ್ವ್. ನಾಲ್ಕು ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆ ಬಿಡುತ್ತವೆ, ನಾಲ್ಕು ಸುಟ್ಟ ಹೊಗೆಯನ್ನು ಹೊರಗೆ ಕಳಿಸುತ್ತವೆ. ಪ್ರತಿ ವಾಲ್ವ್‌ನ ತಲೆಯ ಮೇಲೆ ಏತದ ಹಾಗೆ ಆಡುವ ಒಂದು ರಾಕರ್. ಕೆಳಗಿನಿಂದ ರಾಡ್ ಎತ್ತಿದಾಗ ರಾಕರ್ ಬಾಗಿ ವಾಲ್ವನ್ನು ಒತ್ತುತ್ತದೆ, ಬಾಗಿಲು ತೆರೆಯುತ್ತದೆ. ರಾಡ್ ಇಳಿದಾಗ ಸ್ಪ್ರಿಂಗ್ ವಾಲ್ವನ್ನು ಎಳೆದು ಮುಚ್ಚುತ್ತದೆ.

ಮುಚ್ಚಿದಾಗ ರಾಕರ್‌ಗೂ ವಾಲ್ವ್‌ಗೂ ನಡುವೆ ಸಣ್ಣದೊಂದು ಸಂದು ಇರಲೇಬೇಕು. ಎಂಜಿಬಿಯ ಪುಸ್ತಕದಲ್ಲಿ ಈ ಸಂದು ಇಂಚಿನ ಸಾವಿರದ 15 ಭಾಗ, ಅಂದರೆ 0.38 ಮಿಲಿಮೀಟರ್. ಗ್ಯಾರೇಜಿನ ಭಾಷೆಯಲ್ಲಿ 'ಹದಿನೈದು ಥೌ'. ಅಂಬಾಸಿಡರ್ ಪೆಟ್ರೋಲ್ ಎಂಜಿನ್‌ಗೂ ಮಿಸ್ತ್ರಿ ಕಾಕಾ ಇಟ್ಟುಕೊಂಡು ಬಂದದ್ದು ಅದೇ ಹದಿನೈದು.

ಎಂಜಿನ್ ಬಿಸಿಯಾದಂತೆ ವಾಲ್ವ್ ಉದ್ದವಾಗುತ್ತದೆ. ಹೊಗೆ ಬಿಡುವ ವಾಲ್ವ್ ಅಂತೂ ಕೆಂಡದ ಬಣ್ಣಕ್ಕೆ ತಿರುಗುವಷ್ಟು ಕಾಯುತ್ತದೆ. ಸಂದು ಇಲ್ಲದಿದ್ದರೆ ಉದ್ದವಾದ ವಾಲ್ವ್‌ಗೆ ಹೋಗಲು ಜಾಗವಿಲ್ಲ. ಅದು ತನ್ನ ಸೀಟಿನ ಮೇಲೆ ಪೂರಾ ಕೂರುವುದಿಲ್ಲ, ಬಾಗಿಲು ಸ್ವಲ್ಪ ತೆರೆದೇ ಉಳಿಯುತ್ತದೆ. ವಾಲ್ವ್ ತನ್ನ ಕಾವನ್ನು ಇಳಿಸಿಕೊಳ್ಳುವುದು ಮುಖ್ಯವಾಗಿ ಸೀಟಿನ ಮೇಲೆ ಕೂತಾಗ. ಕೂರಲು ಆಗದಿದ್ದರೆ ಕಾವು ಇಳಿಯುವುದಿಲ್ಲ, ಮೇಲಿಂದ ಬೆಂಕಿಯಂಥ ಹೊಗೆ ಸಂದಿನಲ್ಲಿ ನುಗ್ಗುತ್ತದೆ. ಕೆಲವೇ ದಿನಗಳಲ್ಲಿ ಅಂಚು ಸುಟ್ಟು ಹೋಗುತ್ತದೆ.

'ಸಂದು ಜಾಸ್ತಿ ಆದ್ರ ಟಕ ಟಕ ಅಂತೈತಿ. ಕಿವಿಗೆ ತ್ರಾಸು, ದಮ್ಮು ಕಡಿಮಿ, ಆದ್ರ ಎಂಜಿನ್ ಬದಕತೈತಿ. ಸಂದು ಕಡಿಮಿ ಆದ್ರ ಸುಮ್ಮನ ಇರತೈತಿ. ಸುಮ್ಮನ ಇದ್ದು ಇದ್ದು ಒಳಗ ಸುಡತೈತಿ' ಎಂದು ವಿವರಿಸುತ್ತಾರೆ ಅವರು.

ಮಗ ಮಾಡಿದ ಎಡವಟ್ಟು ಇದೇ. ಕೊಂಡಾಗ ಕಾರು ಟಕ ಟಕ ಎನ್ನುತ್ತಿತ್ತು. ಪುಸ್ತಕ ನೋಡಿ ಹದಿನೈದಕ್ಕೆ ಕೂಡಿಸಿದರೂ ಸದ್ದು ಹೋಗಲಿಲ್ಲ. ಬೇಸತ್ತು ಗೇಜ್ ಪಕ್ಕಕ್ಕಿಟ್ಟು, ಸದ್ದು ನಿಲ್ಲುವವರೆಗೆ ಒಂದೊಂದೇ ಸ್ಕ್ರೂ ತಿರುಗಿಸಿದ. ಹಾಗೆಯೇ ಎರಡು ವಾರ ಓಡಿಸಿದ.

ನಿಜವಾದ ಕಾರಣ ಬೇರೆಯೇ ಇತ್ತು. ಬಹಳ ವರ್ಷ ಓಡಿದ ರಾಕರ್‌ನ ತುದಿಯಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ಗೇಜಿನ ಪತ್ತಿ ಚಪ್ಪಟೆ. ಅದು ತಗ್ಗಿನ ಮೇಲೆ ಸೇತುವೆಯ ಹಾಗೆ ನಿಲ್ಲುತ್ತದೆ. ಗೇಜ್ ಹದಿನೈದು ತೋರಿಸಿದರೂ ಒಳಗೆ ಸಂದು ಅದಕ್ಕಿಂತ ಹೆಚ್ಚೇ. ರಾಕರ್ ಕೂತ ಶಾಫ್ಟ್ ಸವೆದಿದ್ದರೂ ಹೀಗೇ ಸದ್ದು. ಇದಕ್ಕೆ ಮದ್ದು ಸವೆದ ಭಾಗ ಬದಲಿಸುವುದೇ ಹೊರತು ಸಂದು ಮುಚ್ಚುವುದಲ್ಲ.

1974ರ ಆ ಟ್ಯಾಕ್ಸಿ

ಮಗನಿಗೆ ಬೈದ ದಿನ ಮಿಸ್ತ್ರಿ ಕಾಕಾ ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಮನೆಯವರು ನೆನೆಯುತ್ತಾರೆ. ಸಂಜೆ ತಾವೇ ಫೋನ್ ಮಾಡಿ, ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು.

1974ರ ಮಾತು. ಸೋಲಾಪುರದ ಗ್ಯಾರೇಜ್ ಸೇರಿ ಎರಡು ವರ್ಷವಾಗಿತ್ತು, ಇಪ್ಪತ್ತರ ಹುಡುಗ. ಗ್ಯಾರೇಜಿನಲ್ಲಿ ಉಸ್ತಾದರದು ದಖನಿ, ಪಕ್ಕದ ಲೇತಿನವರದು ತೆಲುಗು, ಗಿರಾಕಿಗಳದು ಮರಾಠಿ, ಕನ್ನಡ ಎರಡೂ. ಒಬ್ಬ ಟ್ಯಾಕ್ಸಿಯವರು ಬಂದು ಗಾಡಿ ಸದ್ದು ಮಾಡುತ್ತಿದೆ, ಗಿರಾಕಿ ಕೂರಲು ಹಿಂಜರಿಯುತ್ತಾರೆ ಎಂದರು. ಉಸ್ತಾದರು ಊರಲ್ಲಿರಲಿಲ್ಲ. ಹುಡುಗ ತಾನೇ ಕವರ್ ಬಿಚ್ಚಿ, ಸದ್ದು ಅಡಗುವವರೆಗೆ ಬಿಗಿದ. ಟ್ಯಾಕ್ಸಿಯವರು ಎಂಟಾಣೆ ಬಕ್ಷೀಸು ಕೊಟ್ಟು ಹೋದರು.

ಹತ್ತು ದಿನಕ್ಕೆ ಗಾಡಿ ಎಳೆದುಕೊಂಡು ಬಂದಿತು. ಎರಡು ವಾಲ್ವ್ ಸುಟ್ಟಿದ್ದವು. ಆ ಮನೆಗೆ ಆ ಟ್ಯಾಕ್ಸಿಯೇ ಅನ್ನ. ಸಾಮಾನು ತರಿಸಿ ಗಾಡಿ ಮತ್ತೆ ರಸ್ತೆಗೆ ಇಳಿಯಲು ಹದಿನೈದು ದಿನ ಹಿಡಿಯಿತು. ಉಸ್ತಾದರು ಹೊಡೆಯಲಿಲ್ಲ, ಕೂಗಾಡಲಿಲ್ಲ. ಸುಟ್ಟ ವಾಲ್ವ್ ತೆಗೆದು ಹುಡುಗನ ಕೈಯಲ್ಲಿಟ್ಟು, ಮೂರು ತಿಂಗಳ ಪಗಾರದಲ್ಲಿ ಮುರಿದುಕೊಂಡರು.

'ಆ ವಾಲ್ವ್ ಇಲಿ ಕಡದ ರೊಟ್ಟಿಗತೆ ಆಗಿತ್ರಿ. ಇವತ್ತಿಗೂ ಕಣ್ಣ ಮುಂದ ಐತಿ. ಆ ಟ್ಯಾಕ್ಸಿಯವ್ರ ಮಕ್ಕಳು ದಿನಾ ಗ್ಯಾರೇಜಿಗೆ ಬಂದು ಗಾಡಿ ಆತೇನು ಅಂತ ಕೇಳತಿದ್ರು. ನಾ ಒಳಗ ಅಡಗತಿದ್ದೆ' ಎನ್ನುವಾಗ ಅವರ ದನಿ ಇಳಿಯುತ್ತದೆ.

ಮಗನಿಗೆ ಅವರು ಪಾನಾ ಹಿಡಿಯಲು ಕಲಿಸಲೇ ಇಲ್ಲ. ಗ್ಯಾರೇಜಿನ ಹತ್ತಿರ ಬಂದರೆ ಓದಿಕೋ ಹೋಗು ಎಂದು ಓಡಿಸುತ್ತಿದ್ದರು. 'ಕೈ ಕರಿ ಆಗೋದು ನನಗ ಸಾಕು ಅಂತಿದ್ದೆ. ನಾ ಅಂದು ಕಲಿಸಿದ್ದರ ಇವ ಇಂದು ಹಿಂಗ ಮಾಡತಿರಲಿಲ್ಲ. ತಪ್ಪು ಅವಂದೊಂದ ಅಲ್ಲ' ಎಂಬುದು ಅವರ ಈಗಿನ ಮಾತು.

ಚಮಚ ಎಣ್ಣೆಯ ಪರೀಕ್ಷೆ

ಮುಂದಿನ ಭಾನುವಾರ ಪರೀಕ್ಷೆ. ಅಲ್ಲಿ ಬೆಳಗಿನ ಹತ್ತು, ಇಲ್ಲಿ ಮಧ್ಯಾಹ್ನ ಎರಡೂವರೆ. ಪ್ಲಗ್ ತೆಗೆದು, ಅದರ ತೂತಿಗೆ ಕಂಪ್ರೆಷನ್ ಗೇಜ್ ಹಿಡಿದು ಸೆಲ್ಫ್ ಹೊಡೆಯಲು ತಂದೆ ಹೇಳಿದರು. ಮೂರು ಸಿಲಿಂಡರ್ ಸಮ ಇದ್ದವು. ನಾಲ್ಕನೆಯದು ಬಹಳ ಕಡಿಮೆ.

'ಒಂದು ಚಮಚ ಎಂಜಿನ್ ಆಯಿಲ್ ಆ ತೂತಿನ್ಯಾಗ ಹಾಕಿ ಮತ್ತ ನೋಡು' ಎಂದರು. ಎಣ್ಣೆ ಹಾಕಿದಾಗ ಗೇಜ್ ಮೇಲೇರಿದರೆ ದೋಷ ಪಿಸ್ಟನ್ ರಿಂಗ್‌ನದು, ಯಾಕೆಂದರೆ ಎಣ್ಣೆ ರಿಂಗಿನ ಸಂದು ಮುಚ್ಚುತ್ತದೆ. ಏರದಿದ್ದರೆ ದೋಷ ಮೇಲೆ, ವಾಲ್ವ್‌ನಲ್ಲಿ. ಗೇಜ್ ಏರಲಿಲ್ಲ.

ಹೆಡ್ ಬಿಚ್ಚಿದಾಗ ಕೊನೆಯ ಸಿಲಿಂಡರ್‌ನ ಹೊಗೆ ವಾಲ್ವ್‌ನ ಅಂಚು ಸುಟ್ಟಿರುವುದು ಕಂಡಿತು. ಮಗ ಅದನ್ನು ಮೊಬೈಲ್ ಮುಂದೆ ಹಿಡಿದ. ಐವತ್ತು ವರ್ಷದ ನಂತರ ಮಿಸ್ತ್ರಿ ಕಾಕಾನಿಗೆ ಅದೇ ಕಡಿದ ರೊಟ್ಟಿ ಎದುರಾಯಿತು. ಈ ಸಲ ಅವರು ಬೈಯಲಿಲ್ಲ. 'ಒಂದ ಹೋಗೈತಿ, ನಂದು ಎರಡು ಹೋಗಿದ್ದು. ನೀ ನನಗಿಂತ ಹುಷಾರ್' ಎಂದು ನಕ್ಕರಂತೆ.

ಸೀಸವಿಲ್ಲದ ಪೆಟ್ರೋಲ್

ಹೆಡ್ ಬಿಚ್ಚಿದ್ದರಿಂದ ಇನ್ನೊಂದು ಕೆಲಸವೂ ಆಯಿತು. ಹಳೇ ಕಾಲದ ಪೆಟ್ರೋಲ್‌ನಲ್ಲಿ ಸೀಸ ಬೆರೆತಿರುತ್ತಿತ್ತು. ಅದು ಆರೋಗ್ಯಕ್ಕೆ ವಿಷ, ಆದರೆ ವಾಲ್ವ್‌ನ ಸೀಟಿನ ಮೇಲೆ ತೆಳು ಪದರಾಗಿ ಕೂತು ಸವೆತ ತಡೆಯುತ್ತಿತ್ತು. ಇಂಗ್ಲೆಂಡಿನಲ್ಲೂ ಭಾರತದಲ್ಲೂ 2000ನೇ ಇಸವಿಯ ಆರಂಭಕ್ಕೆ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಊರಿನ ಗಾಳಿ ಸುಧಾರಿಸಿತು. ಹಳೇ ಎಂಜಿನ್‌ಗಳ ಮೆತ್ತನೆಯ ಸೀಟುಗಳು ಮಾತ್ರ ಸವೆಯತೊಡಗಿದವು.

ಸೀಟು ಸವೆದರೆ ವಾಲ್ವ್ ಹೆಡ್‌ನೊಳಗೆ ಇಷ್ಟಿಷ್ಟೇ ಮೇಲೆ ಸರಿಯುತ್ತದೆ. ಆಗ ರಾಕರ್ ಜೊತೆಗಿನ ಸಂದು ಯಾರೂ ಮುಟ್ಟದೆಯೇ ಕಿರಿದಾಗುತ್ತಾ ಹೋಗುತ್ತದೆ. ಸದ್ದು ಕಡಿಮೆಯಾಯಿತೆಂದು ಮಾಲೀಕ ಸಂತೋಷಪಡುವ ಹೊತ್ತಿಗೆ ವಾಲ್ವ್ ಸುಡಲು ತಯಾರಾಗಿರುತ್ತದೆ. ಹೀಗಾಗಿ ಸೀಸವಿಲ್ಲದ ಪೆಟ್ರೋಲಿನ ಈ ಕಾಲದಲ್ಲಿ ಹಳೇ ಗಾಡಿಯ ಟ್ಯಾಪೆಟ್ ನೋಡಿಕೊಳ್ಳುವುದು ಮೊದಲಿಗಿಂತ ಹೆಚ್ಚು ಅಗತ್ಯ. ಶಾಶ್ವತ ಉಪಾಯವೆಂದರೆ ಗಟ್ಟಿ ಲೋಹದ ಸೀಟು ಕೂಡಿಸುವುದು. ತಂದೆಯ ಮಾತಿನಂತೆ ಮಗ ಅಲ್ಲಿನ ವರ್ಕ್‌ಶಾಪ್‌ನಲ್ಲಿ ಅದನ್ನೇ ಮಾಡಿಸಿದ. ಹೊಸ ವಾಲ್ವ್, ಹೊಸ ರಾಕರ್ ಶಾಫ್ಟ್ ಎಲ್ಲ ಸೇರಿ ಒಂದು ತಿಂಗಳ ಮನೆ ಬಾಡಿಗೆಯಷ್ಟು ಖರ್ಚು ಬಂದಿತು.

ಒಂಬತ್ತರ ಲೆಕ್ಕ

ಹೆಡ್ ಕೂಡಿಸಿದ ಮೇಲೆ ಟ್ಯಾಪೆಟ್ ಸೆಟ್ಟಿಂಗ್. ಎಂಜಿನ್ ಪೂರಾ ತಣ್ಣಗಿರಬೇಕು. ಕೆಲವು ಗಾಡಿಗಳಿಗೆ ಬಿಸಿ ಇದ್ದಾಗ ನೋಡಬೇಕೆಂದು ಪುಸ್ತಕದಲ್ಲಿರುತ್ತದೆ, ಆದ್ದರಿಂದ ಮೊದಲು ತಮ್ಮ ಗಾಡಿಯ ಪುಸ್ತಕ ನೋಡುವುದು ಒಳ್ಳೆಯದು.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಾವಿ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಬೇಕು. ಪ್ಲಗ್ ಇಲ್ಲದಿದ್ದರೆ ಎಂಜಿನ್ ಹಗುರಾಗಿ ತಿರುಗುತ್ತದೆ. ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಗೇಣು ಗೇಣು ತಳ್ಳಿದರೆ ಸಾಕು. 'ನಮ್ಮ ಅಂಬಾಸಿಡರಿಗೆ ಮುಂದ ಹ್ಯಾಂಡಲ್ ಇರತಿತ್ತು, ತಿರವಿದ್ರ ಆತು' ಎನ್ನುತ್ತಾರೆ ಕಾಕಾ. ಟ್ಯಾಪೆಟ್ ಕವರ್‌ನ ಎರಡು ನಟ್ ತೆಗೆದರೆ ಎಂಟೂ ರಾಕರ್ ಸಾಲಾಗಿ ಕಾಣುತ್ತವೆ.

ರೇಡಿಯೇಟರ್ ಕಡೆಯಿಂದ ಒಂದರಿಂದ ಎಂಟರವರೆಗೆ ಎಣಿಸಬೇಕು. ಯಾವ ವಾಲ್ವ್ ಪೂರ್ತಿ ಕೆಳಗೆ ಒತ್ತಿದೆ ನೋಡಿ, ಆ ಸಂಖ್ಯೆಯನ್ನು ಒಂಬತ್ತರಲ್ಲಿ ಕಳೆಯಬೇಕು. ಉಳಿದ ಸಂಖ್ಯೆಯ ವಾಲ್ವನ್ನು ಸೆಟ್ ಮಾಡಬೇಕು. ಎಂಟು ಒತ್ತಿದ್ದರೆ ಒಂದು, ಆರು ಒತ್ತಿದ್ದರೆ ಮೂರು, ನಾಲ್ಕು ಒತ್ತಿದ್ದರೆ ಐದು, ಏಳು ಒತ್ತಿದ್ದರೆ ಎರಡು. ಹೀಗೆ ಎಂಟೂ ಮುಗಿಯಬೇಕು. ಜೋಡಿಯ ಒಂದು ವಾಲ್ವ್ ಪೂರ್ತಿ ತೆರೆದಾಗ ಇನ್ನೊಂದು ಪೂರ್ತಿ ಮುಚ್ಚಿರುತ್ತದೆ ಎಂಬುದೇ ಈ ಲೆಕ್ಕದ ಗುಟ್ಟು.

ಪಾನಾದಿಂದ ಲಾಕ್‌ನಟ್ ಸಡಿಲಿಸಿ, ಸಂದಿನಲ್ಲಿ ಹದಿನೈದರ ಪತ್ತಿ ಇಟ್ಟು, ಸ್ಕ್ರೂಡ್ರೈವರ್‌ನಿಂದ ತಿರುಗಿಸಬೇಕು. ಪಾನಾ ಇಂಚಿನದೇ ಬೇಕು, ಮಿಲಿಮೀಟರಿನದು ನಟ್‌ನ ಮೂಲೆ ತಿನ್ನುತ್ತದೆ. ಪತ್ತಿ ಸರಿದಾಡಬೇಕು, ಆದರೆ ತುಸು ಹಿಡಿದಂತಿರಬೇಕು. 'ಹೊಸಾ ಪುಸ್ತಕದಾಗಿಂದ ಒಂದು ಹಾಳಿ ಎಳದಂಗ' ಎಂಬುದು ಕಾಕಾನ ಅಳತೆ.

ಹೊಸಬರು ತಪ್ಪುವುದು ಕೊನೆಯಲ್ಲಿ. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿ ಸಂದು ಬದಲಾಗುತ್ತದೆ. ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದೇ ನಟ್ ಬಿಗಿದು, ಪತ್ತಿ ಹಾಕಿ ಇನ್ನೊಮ್ಮೆ ನೋಡಬೇಕು. ಕವರ್ ಕೂಡಿಸುವಾಗ ಹೊಸ ಪ್ಯಾಕಿಂಗ್ ಹಾಕಿ ನಟ್ ಹದವಾಗಿ ಬಿಗಿಯಬೇಕು. ಜೋರು ಮಾಡಿದರೆ ಆಯಿಲ್ ಸೋರುವುದು ನಿಲ್ಲುವುದಿಲ್ಲ, ಹೆಚ್ಚುತ್ತದೆ. ಹೆಡ್ ಬಿಚ್ಚಿ ಕೂಡಿಸಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸಂದನ್ನು ಮತ್ತೊಮ್ಮೆ ನೋಡಲೇಬೇಕು.

ಈಗಿನ ಬಹುಪಾಲು ಕಾರುಗಳಿಗೆ ಈ ಕೆಲಸವೇ ಇಲ್ಲ. ಆಯಿಲ್ ಒತ್ತಡದಿಂದ ಸಂದು ತಾನಾಗಿ ಸರಿಹೋಗುವ ವ್ಯವಸ್ಥೆ ಹಲವು ಎಂಜಿನ್‌ಗಳಲ್ಲಿದೆ. ಕಿವಿಯಿಂದ ರೋಗ ಹಿಡಿಯುವ ಮಿಸ್ತ್ರಿಗಳೂ ಕಡಿಮೆಯಾಗುತ್ತಿದ್ದಾರೆ. ಕಾಕಾನ ಫಿಲ್ಲರ್ ಗೇಜ್ ಹಲವು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಈಗ ಅದು ಬರ್ಮಿಂಗ್‌ಹ್ಯಾಮ್‌ನಲ್ಲಿದೆ. ಕಳೆದ ಸಲ ಊರಿಗೆ ಬಂದ ಮಗನ ಕೈಗೆ ಚಟ್ನಿಪುಡಿ, ಶೇಂಗಾ ಹೋಳಿಗೆ ಡಬ್ಬಿಯ ಜೊತೆ ಅದನ್ನೂ ಕಟ್ಟಿ ಕಳಿಸಿದರು.

ಅಲ್ಲಿ ಸಹಾಯಕ್ಕೆ ಎಂಟು ವರ್ಷದ ಮೊಮ್ಮಗಳು ನಿಲ್ಲುತ್ತಾಳೆ. ಫ್ಯಾನ್ ಹತ್ತಿರ ಕೈ ಹಾಕಬಾರದೆಂಬ ಕರಾರಿನ ಮೇಲೆ ಅವಳದು ಲೆಕ್ಕ ಹೇಳುವ ಕೆಲಸ. ಅವಳ ಶಾಲೆಯ ಮಾತೆಲ್ಲ ಇಂಗ್ಲಿಷ್. ಕನ್ನಡ ಅಂಕಿ ಐದರ ಆಚೆ ತೊದಲುತ್ತಿದ್ದವಳು ಟ್ಯಾಪೆಟ್ ಎಣಿಸುತ್ತಾ ಒಂಬತ್ತರವರೆಗೂ ಕಲಿತಿದ್ದಾಳೆ. ಕಳೆಯುವ ಲೆಕ್ಕವೂ ಕನ್ನಡದಲ್ಲೇ.

'ಮುತ್ಯಾ, ಎಂಟು ಒತ್ತೈತಿ' ಎಂದು ಅಲ್ಲಿಂದ ಕೂಗಿದಳು.

'ಹಂಗಾದ್ರ ಯಾವದು ಮಾಡಬೇಕವಾ?'

'ಒಂದು!'

ಎಂಟೂ ಮುಗಿದ ಮೇಲೆ ಮಗ ಗಾಡಿ ಚಾಲೂ ಮಾಡಿ ಮೊಬೈಲ್ ಹಿಡಿದ. ಅಕ್ಕಲಕೋಟದ ಕಟ್ಟೆಯ ಮೇಲೆ ಕಾಕಾ ಮತ್ತೆ ಕಣ್ಣು ಮುಚ್ಚಿದರು. ಸಣ್ಣಗೆ, ಒಂದೇ ಸಮ, ಟಿಕ್ ಟಿಕ್ ಟಿಕ್.

'ಹಾಂ, ಈಗ ಬರೋಬರಿ ಐತಿ. ಹಿಂಗ ಇರಲಿ' ಎಂದು ಹೇಳಿ ಅವರು ಚಹಾ ಕುಡಿಯಲು ಎದ್ದರು.